ಕಂಪನಿ ಪ್ರಕಟಣೆಗಳನ್ನು ಹೀಗೆ ಸುತ್ತಿ ಬಳಸಿ ಬರೆಯುವವರಿಗೆ ನಾಚಿಕೆ ಆಗುವುದಿಲ್ಲವೇ?

ಆಗುತ್ತದೆ. ಬರೆಯುವವರಲ್ಲಿ ನಾನೂ ಒಬ್ಬ, ಅದಕ್ಕೇ ಇಷ್ಟು ಖಾತ್ರಿಯಾಗಿ ಹೇಳುತ್ತಿದ್ದೇನೆ. ಈ ವರ್ಷ ಇನ್‌ಕ್ರಿಮೆಂಟ್ ಇಲ್ಲ ಅನ್ನುವುದಕ್ಕೆ ನಿಮ್ಮ ಕಂಪನಿ ಎರಡು ಪುಟದ ಮೇಲ್ ಕಳಿಸಿದೆ, ಅದರಲ್ಲಿ 'ಇಲ್ಲ' ಅನ್ನುವ ಪದವೇ ಇಲ್ಲ ಅಂತ ಬರೆದಿದ್ದೀರಿ. ಓದಿ ನಗು ಬಂತು. ಆಮೇಲೆ ನನ್ನದೇ ಒಂದು ಹಳೇ ಪಾಪ ನೆನಪಾಯಿತು.

ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಹೊಟ್ಟೆಪಾಡು. ಕಥೆ ಕಾದಂಬರಿ ಅಂದುಕೊಳ್ಳಬೇಡಿ. ನೋಟಿಸು, ಸುತ್ತೋಲೆ, ಪತ್ರಿಕಾ ಪ್ರಕಟಣೆ, ಇಂಥವು. ಪೀಣ್ಯದ ಕಡೆಯ ಒಂದು ಕಾರ್ಖಾನೆಯವರು ಒಮ್ಮೆ ಒಂದು ಪುಟದ ನೋಟಿಸು ಕೊಟ್ಟಿದ್ದರು. ಎರಡನೇ ಶಿಫ್ಟ್ ನಿಲ್ಲಿಸಿ ಗುತ್ತಿಗೆ ಕೆಲಸಗಾರರನ್ನು ಬಿಡಿಸುತ್ತಿದ್ದರು. "ಈ ಕೆಳಗಿನವರನ್ನು ಕೆಲಸದಿಂದ ತೆಗೆಯುತ್ತಿದ್ದೇವೆ" ಅಂತ ಬರೆದುಕೊಟ್ಟೆ. ಸಂಜೆಗೆ ಕೆಂಪು ಗೀಟು ಹಾಕಿ ವಾಪಸ್ ಬಂತು. ನನ್ನ ವಾಕ್ಯದ ಜಾಗದಲ್ಲಿ "ಸಿಬ್ಬಂದಿ ಬಲವನ್ನು ಮರುಹೊಂದಿಸಲಾಗುತ್ತಿದೆ" ಅಂತಿತ್ತು. ನನ್ನ ಬಿಲ್ ಪಾಸಾಗಬೇಕಿತ್ತು. ಹಾಗೇ ಮಾಡಿಕೊಟ್ಟೆ.

ಎರಡು ದಿನ ಬಿಟ್ಟು ಅದೇ ಬಿಲ್ಲಿಗೆ ಅಲೆಯುತ್ತಾ ಅಲ್ಲಿಗೆ ಹೋದರೆ, ಕ್ಯಾಂಟೀನ್ ಪಕ್ಕದ ಬೋರ್ಡಿನ ಮುಂದೆ ಏಳೆಂಟು ಜನ ನಿಂತಿದ್ದರು. ಕೈಲಿ ಫೈಲು ಇದ್ದದ್ದು ನೋಡಿ ನನ್ನನ್ನು ಆಫೀಸಿನವನು ಅಂದುಕೊಂಡನೋ ಏನೋ, ಒಬ್ಬ ಹುಡುಗ ಕೇಳಿದ: "ಸಾರ್, ನಾಳೆ ಬರ್ಬೇಕೋ ಬ್ಯಾಡ್ವೋ ಅಂತ ಇದ್ರಲ್ಲಿ ಎಲ್ಲೈತೆ?"

ಎಲ್ಲೂ ಇರಲಿಲ್ಲ. ಅದನ್ನು ತೆಗೆದು ಹಾಕುವುದಕ್ಕೇ ಅಲ್ಲವೇ ಕೆಂಪು ಗೀಟು ಬಿದ್ದದ್ದು.

ಕನ್ನಡದಲ್ಲಿ ಈ ಕಳ್ಳಾಟ ಆಡುವುದಕ್ಕೆ ಸ್ವಲ್ಪ ಹೆಚ್ಚು ಕಷ್ಟಪಡಬೇಕು. ತೆಗೆದೆ, ತೆಗೆದೆವು, ತೆಗೆದರು: 'ನಾನು', 'ನಾವು' ಬಿಟ್ಟು ಬರೆದರೂ ಕ್ರಿಯಾಪದದ ಕೊನೆಯಲ್ಲಿ ಮಾಡಿದವರು ಸಿಕ್ಕಿಬೀಳುತ್ತಾರೆ. ಅದಕ್ಕೇ ಕಚೇರಿ ಕನ್ನಡಕ್ಕೆ 'ಲಾಗಿದೆ', 'ಲಾಗುವುದು' ಅಂದರೆ ಪ್ರಾಣ. ಮನೆಯಲ್ಲಿ "ಸಾರಿಗೆ ಉಪ್ಪು ಹಾಕಲಾಗಿದೆ" ಅಂತ ಯಾರಾದರೂ ಹೇಳಿದ್ದುಂಟೇ? ನಮ್ಮ ವಿಧಾನಸಭೆಯ ಪ್ರಶ್ನೋತ್ತರದ ಹಾಳೆಗಳನ್ನು ಪುರುಸೊತ್ತಿದ್ದಾಗ ನೋಡಿ. ಒಂದು ಕಡೆ ಶಾಸಕರ ಪ್ರಶ್ನೆ: ಸದರಿ ರಸ್ತೆ ಹಾಳಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಇನ್ನೊಂದು ಕಡೆ ಉತ್ತರ: ಬಂದಿದೆ. ಬಂದಿದ್ದಲ್ಲಿ, ಯಾವಾಗ ದುರಸ್ತಿ ಮಾಡಲಾಗುವುದು? ಅನುದಾನದ ಲಭ್ಯತೆಯನ್ನು ಆಧರಿಸಿ ಕ್ರಮ ಕೈಗೊಳ್ಳಲಾಗುವುದು. ಮಾಡುವವರು ಯಾರು ಅಂತ ಉತ್ತರದಲ್ಲಿಲ್ಲ, ಸರಿ. ಪ್ರಶ್ನೆಯಲ್ಲೂ ಇಲ್ಲ ನೋಡಿ! ಕೇಳುವವರಿಗೂ ಅದೇ ಚಾಳಿ ಅಂಟಿಕೊಂಡಿದೆ.

ಇನ್ನು 'ವಿಷಾದ'. ರೈಲು ಎರಡು ಗಂಟೆ ತಡವಾದಾಗ ಪ್ಲಾಟ್‌ಫಾರ್ಮಿನಲ್ಲಿ ಕೇಳುತ್ತೀರಲ್ಲ, ಅದೇ ಪದ. 2019ರ ಏಪ್ರಿಲ್ 10ರಂದು, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬುವ ಮೂರು ದಿನ ಮೊದಲು, ಬ್ರಿಟನ್ನಿನ ಆಗಿನ ಪ್ರಧಾನಿ ತೆರೇಸಾ ಮೇ ತಮ್ಮ ಸಂಸತ್ತಿನಲ್ಲಿ ಮಾತಾಡಿದರು. ಬ್ರಿಟಿಷ್ ಇಂಡಿಯಾದ ಇತಿಹಾಸದ ಮೇಲೆ ಅದೊಂದು ನಾಚಿಕೆಗೇಡಿನ ಕಲೆ, ಆದದ್ದಕ್ಕೆ ಆಳವಾಗಿ ವಿಷಾದಿಸುತ್ತೇವೆ ಅಂದರು. ಕ್ಷಮೆ ಕೇಳಲಿಲ್ಲ. ವಿರೋಧ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಅಲ್ಲೇ ಎದ್ದು, ಸ್ಪಷ್ಟವಾಗಿ, ಪೂರ್ತಿಯಾಗಿ ಕ್ಷಮೆ ಕೇಳಬೇಕು ಅಂತ ಒತ್ತಾಯಿಸಿದರು. ಪದ ಯಾವುದಾದರೇನು ಅನ್ನುವವರು ಇದನ್ನು ನೆನಪಿಡಬೇಕು. ಮಳೆ ಬಂದು ಮದುವೆ ಚಪ್ಪರ ಬಿದ್ದರೂ ವಿಷಾದಪಡಬಹುದು. ಕ್ಷಮೆ ಕೇಳುವುದಕ್ಕೆ ಕೈ ನಮ್ಮದಾಗಿರಬೇಕು. ಅನುವಾದಕರು ಇಲ್ಲಿ ದಯೆ ತೋರಿಸಿ 'ಕ್ಷಮೆ' ಅಂತ ಬರೆದುಬಿಟ್ಟರೆ, ಅವರು ಕೊಡದೇ ಇದ್ದದ್ದನ್ನು ನಾವು ಕೊಟ್ಟಂತಾಯಿತು.

ಕಂಪನಿಗಳ ಪೈಕಿ ನನಗೆ ಮರೆಯದ ಉದಾಹರಣೆ ಯುನೈಟೆಡ್ ಏರ್‌ಲೈನ್ಸ್‌ನದು. 2017ರ ಏಪ್ರಿಲ್ 9, ಷಿಕಾಗೋದಿಂದ ಲೂಯಿವಿಲ್‌ಗೆ ಹೊರಟಿದ್ದ ವಿಮಾನ. ತಮ್ಮ ನಾಲ್ಕು ಸಿಬ್ಬಂದಿಗೆ ಸೀಟು ಬೇಕು ಅಂತ, ಹತ್ತಿ ಕೂತಿದ್ದ ನಾಲ್ವರಿಗೆ ಇಳಿಯಿರಿ ಅಂದರು. ಒಬ್ಬ ವೈದ್ಯರು ಒಪ್ಪಲಿಲ್ಲ. ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿ ಅವರನ್ನು ಸೀಟಿನಿಂದ ಕಿತ್ತು ನಡುದಾರಿಯಲ್ಲಿ ಎಳೆದುಕೊಂಡು ಹೋದರು, ಮುಖದಲ್ಲಿ ರಕ್ತ. ಪಕ್ಕದವರ ಫೋನಿನಲ್ಲಿ ಎಲ್ಲ ರೆಕಾರ್ಡ್ ಆಗಿತ್ತು. ಮರುದಿನ ಸಿಇಒ ಆಸ್ಕರ್ ಮುನೋಸ್ ಕ್ಷಮೆ ಕೇಳಿದರು. ಯಾತಕ್ಕೆ? ಆ ಗ್ರಾಹಕರಿಗೆ 'ಬೇರೆ ವ್ಯವಸ್ಥೆ' ಮಾಡಬೇಕಾಗಿ ಬಂದದ್ದಕ್ಕೆ! ಇಡೀ ಜಗತ್ತು ಉಗಿಯಿತು. ಅದರ ಮರುದಿನವೇ ಅದೇ ಮನುಷ್ಯ, ಯಾರನ್ನೂ ಹೀಗೆ ನಡೆಸಿಕೊಳ್ಳಬಾರದು, ಪೂರ್ತಿ ಹೊಣೆ ನಮ್ಮದು ಅಂತ ಬರೆದರು. ಅಂದರೆ ನೇರವಾಗಿ ಬರೆಯಲು ಬರುವುದಿಲ್ಲ ಅಂತೇನಿಲ್ಲ.

ಮೊದಲ ದಿನ ಯಾಕೆ ಬರೆಯುವುದಿಲ್ಲ ಅಂದರೆ, ಬಹುಪಾಲು ಸಲ ಪಕ್ಕದಲ್ಲಿ ವಕೀಲರು ಕೂತಿರುತ್ತಾರೆ. ತಪ್ಪು ನಮ್ಮದು ಅಂತ ಬರೆದುಕೊಟ್ಟರೆ ನಾಳೆ ಕೋರ್ಟಿನಲ್ಲಿ ಅದನ್ನೇ ಎತ್ತಿ ಹಿಡಿಯುತ್ತಾರೆ ಅನ್ನುವ ಭಯ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೆಂದೇ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1986ರಲ್ಲಿ ಕಾನೂನು ಮಾಡಿ, ಅಪಘಾತವಾದ ಮೇಲೆ ಹೇಳಿದ ಸಾಂತ್ವನದ ಮಾತನ್ನು ತಪ್ಪೊಪ್ಪಿಗೆ ಅಂತ ಸಾಕ್ಷ್ಯಕ್ಕೆ ತರುವಂತಿಲ್ಲ ಅಂದಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ 2006ರಲ್ಲಿ ಇನ್ನೂ ಮುಂದೆ ಹೋಗಿ, ತಪ್ಪು ಒಪ್ಪಿಕೊಂಡು ಕೇಳಿದ ಕ್ಷಮೆಗೂ ಆ ರಕ್ಷಣೆ ಕೊಟ್ಟಿತು. ಆದರೆ ನಿಮ್ಮ ಇನ್‌ಕ್ರಿಮೆಂಟ್ ಮೇಲ್‌ಗೆ ಈ ನೆಪವೂ ಇಲ್ಲ. ಅಲ್ಲಿ ಇರುವುದು ಬರೀ ಮುಖ ಉಳಿಸಿಕೊಳ್ಳುವ ಆಸೆ, ಅಡ್ಡಗೋಡೆ ಮೇಲೆ ದೀಪ.

ಇಷ್ಟೆಲ್ಲ ವ್ಯಾಕರಣ ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಮನಸಾರೆ ಕೇಳುವ ಕ್ಷಮೆ ಯಾವುದು? "ತಪ್ಪಾಯ್ತು." ಅದರಲ್ಲೂ ಮಾಡಿದವರು ಇಲ್ಲ! ಆದರೂ "ತಪ್ಪಾಯ್ತು ಕಣಪ್ಪ" ಅಂತ ಯಾರಾದರೂ ಎದುರು ಬಂದು ನಿಂತರೆ ಅನುಮಾನ ಬರುವುದಿಲ್ಲ, ಯಾಕೆಂದರೆ ಆಸಾಮಿ ಅಲ್ಲೇ ಇದ್ದಾನೆ, ಬೈದರೆ ಬೈಸಿಕೊಳ್ಳುತ್ತಾನೆ. ಮಾನವ ಸಂಪನ್ಮೂಲ ವಿಭಾಗದ ಮೇಲ್‌ನಲ್ಲಿ ಹಾಗೆ ಬೈಸಿಕೊಳ್ಳುವವರು ಯಾರೂ ಇರುವುದಿಲ್ಲ. ಎಷ್ಟೋ ಸಲ ಅದಕ್ಕೆ ಉತ್ತರ ಬರೆಯುವುದಕ್ಕೂ ಆಗುವುದಿಲ್ಲ.

ನಿಮ್ಮದಕ್ಕೆ ಆಗುವುದಾದರೆ ಒಂದು ಕೆಲಸ ಮಾಡಿ. "ಏಪ್ರಿಲ್‌ನಿಂದ ನನ್ನ ಸಂಬಳ ಏರುತ್ತದೆಯೇ, ಇಲ್ಲವೇ?" ಅಂತ ಒಂದೇ ಸಾಲು ಬರೆದು ಕಳಿಸಿ, ಮುನ್ನುಡಿ ಏನೂ ಬೇಡ. ನನ್ನ ಅನುಭವದಲ್ಲಿ ಇಂಥದ್ದಕ್ಕೆ ಬರಹದಲ್ಲಿ ಉತ್ತರ ಬರುವುದಿಲ್ಲ, ಫೋನ್ ಬರುತ್ತದೆ. ಫೋನಿನಲ್ಲಿ ಆ ವಿಭಾಗದ ಯಾವುದೋ ಹುಡುಗಿ ದನಿ ತಗ್ಗಿಸಿ "ಇಲ್ಲ ಸಾರ್, ಈ ಸಲ ಇಲ್ಲ" ಅಂತ ಐದು ಸೆಕೆಂಡಿನಲ್ಲಿ ಹೇಳಿ ಮುಗಿಸುತ್ತಾಳೆ.