ಪ್ಯಾಚ್ ಕೆಲಸ ಮಾಡಲಿಲ್ಲ, ವೇಪ್ ಸೇದಲಾ ಡಾಕ್ಟ್ರೇ?

ಪ್ರಶ್ನೆ: ನಾನು ನಿಪ್ಪಾಣಿಯವನು, ವಯಸ್ಸು 41. ಟೆಂಪೊ ಓಡಿಸುತ್ತೇನೆ. ಕೊಲ್ಹಾಪುರ, ಬೆಳಗಾವಿ ಅಂತ ದಿನಾ ರಸ್ತೆ ಮೇಲೆಯೇ. 17 ವರ್ಷದಿಂದ ಸಿಗರೇಟ್ ಸೇದುತ್ತಿದ್ದೇನೆ, ಈಗ ದಿನಕ್ಕೆ 20 ಆಗುತ್ತವೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಸೇದದಿದ್ದರೆ ಹೊಟ್ಟೆಯೇ ಖಾಲಿಯಾಗುವುದಿಲ್ಲ. ಈ ಯುಗಾದಿಗೆ ಬಿಡಲೇಬೇಕು ಅಂತ ಔಷಧಿ ಅಂಗಡಿಯಲ್ಲಿ ಕೇಳಿ 14 ಎಂ.ಜಿ. ನಿಕೋಟಿನ್ ಪ್ಯಾಚ್ ತಂದು 9 ದಿನ ಹಚ್ಚಿಕೊಂಡೆ. ತಲಬು ಹೋಗಲಿಲ್ಲ. ಬೆವರಿಗೆ ಕಿತ್ತು ಬರುತ್ತಿತ್ತು, ರಾತ್ರಿ ಏನೇನೋ ಕನಸು. ಬಿಟ್ಟುಬಿಟ್ಟೆ. ಪುಣೆಯಲ್ಲಿರುವ ನನ್ನ ಹೆಂಡತಿಯ ತಮ್ಮ ವೇಪ್, ಅಂದರೆ ಇ-ಸಿಗರೇಟ್, ಹಿಡಿದ ಮೇಲೆ ಸಿಗರೇಟ್ ಪೂರ್ತಿ ಬಿಟ್ಟಿದ್ದಾನೆ, ನನಗೂ ಒಂದು ತಂದುಕೊಡುತ್ತಾನಂತೆ. ಪ್ಯಾಚ್‌ಗಿಂತ ಅದೇ ಒಳ್ಳೆಯದಲ್ವಾ?

ಉತ್ತರ: ನಿಮ್ಮ ಹೆಂಡತಿಯ ತಮ್ಮ ಸುಳ್ಳು ಹೇಳುತ್ತಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ನಮ್ಮ ಡಾಕ್ಟರುಗಳಲ್ಲಿ ಎಷ್ಟೋ ಜನ ವೇಪ್ ಅಂದ ಕೂಡಲೇ ಬೈದು ಕಳಿಸುತ್ತಾರೆ, ಪೇಷಂಟ್ ಮೊಬೈಲ್‌ನಲ್ಲಿ ಬೇರೆಯೇ ಓದಿಕೊಂಡು ಬಂದಿರುತ್ತಾನೆ, ಆಮೇಲೆ ನಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಬ್ರಿಟನ್‌ನಲ್ಲಿ 886 ಜನರ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ಅರ್ಧ ಜನರಿಗೆ ಇ-ಸಿಗರೇಟ್, ಉಳಿದವರಿಗೆ ಪ್ಯಾಚ್, ಗಮ್ ಥರದ್ದು. ಒಂದು ವರ್ಷ ಕಳೆದ ಮೇಲೆ ನೋಡಿದರೆ ಇ-ಸಿಗರೇಟ್ ತೆಗೆದುಕೊಂಡ ನೂರರಲ್ಲಿ 18 ಜನ ಸಿಗರೇಟ್ ಬಿಟ್ಟಿದ್ದರು, ಪ್ಯಾಚ್-ಗಮ್‌ನವರಲ್ಲಿ ಸುಮಾರು 10. ಇಂಥ ಹಲವು ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್‌ನವರ ಲೆಕ್ಕದಲ್ಲಿ ಅಂತರ ಇಷ್ಟು ದೊಡ್ಡದಿಲ್ಲ, ಆದರೂ ವೇಪ್ ಕಡೆಗೇ ವಾಲುತ್ತದೆ.

ಇನ್ನು ಆ ಪರೀಕ್ಷೆಯಲ್ಲಿ ಜನ ಎತ್ತಿ ಹೇಳದ ಭಾಗ. ವೇಪ್‌ನಿಂದ ಸಿಗರೇಟ್ ಬಿಟ್ಟವರಲ್ಲಿ ನೂರಕ್ಕೆ 80 ಜನ ಒಂದು ವರ್ಷ ಆದರೂ ವೇಪ್ ಸೇದುತ್ತಲೇ ಇದ್ದರು. ಪ್ಯಾಚ್-ಗಮ್‌ನಿಂದ ಬಿಟ್ಟವರಲ್ಲಿ ಅವನ್ನು ಇನ್ನೂ ಹಿಡಿದುಕೊಂಡಿದ್ದವರು ನೂರಕ್ಕೆ 9 ಮಾತ್ರ. ಅಂದರೆ ಸಿಗರೇಟ್ ಹೋಯಿತು, ನಿಕೋಟಿನ್ ಚಟ ಹಾಗೇ ಉಳಿಯಿತು. ಹೊಗೆಯ ಟಾರು, ಕಾರ್ಬನ್ ಮೊನಾಕ್ಸೈಡ್ ಇಲ್ಲದ್ದರಿಂದ ಸಿಗರೇಟ್‌ಗಿಂತ ಅದು ಕಡಿಮೆ ಕೆಟ್ಟದ್ದು, ನಿಜ. ಆದರೆ ಏನೂ ಆಗದೇ ಇರುವಂಥದ್ದಲ್ಲ.

ಆ ಜನ ಸೇದಿದ್ದು ಅಂಗಡಿಯಲ್ಲಿ ಕಾನೂನುಬದ್ಧವಾಗಿ ಸಿಗುವ ಮಾಲು, ಜೊತೆಗೆ ಕನಿಷ್ಠ 4 ವಾರ ಎದುರಿಗೆ ಕೂತು ಸಲಹೆ ಕೊಡುವವರೂ ಇದ್ದರು. ಬ್ರಿಟನ್‌ನಲ್ಲಿ ಒಂದು ಮಿಲಿ ದ್ರವದಲ್ಲಿ 20 ಎಂ.ಜಿ.ಗಿಂತ ಜಾಸ್ತಿ ನಿಕೋಟಿನ್ ಹಾಕುವಂತಿಲ್ಲ. ನಮ್ಮಲ್ಲಿ ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು, 2019ರಲ್ಲಿ ಇಡೀ ದೇಶಕ್ಕೇ ಕಾನೂನು ಬಂತು. ಮಾರುವುದು, ಹೊರದೇಶದಿಂದ ತರುವುದು, ಸಾಗಿಸುವುದು, ಸಂಗ್ರಹಿಸಿ ಇಡುವುದು ಎಲ್ಲವೂ ಅದರಲ್ಲಿದೆ. ಮಾರಿ ಸಿಕ್ಕಿಬಿದ್ದರೆ ಮೊದಲ ಸಲವೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಪುಣೆ, ಗೋವಾ ಎಲ್ಲ ಕಡೆಗೂ ಇದೇ ಕಾನೂನು, ಗಡಿ ದಾಟಿದರೆ ಬದಲಾಗುವುದಿಲ್ಲ. ಆದ್ದರಿಂದ ನಿಮ್ಮ ಕೈಗೆ ಬರುವುದು ಕಳ್ಳದಾರಿಯ ಮಾಲೇ. ಅಂಥದ್ದರ ಮೇಲೆ 5% ಅಂತ ಬರೆದಿದ್ದರೆ ಮಿಲಿಗೆ 50 ಎಂ.ಜಿ. ನಿಕೋಟಿನ್ ಅಂತ ಅರ್ಥ. ಬರೆದದ್ದಾದರೂ ನಿಜವಾ, ಒಳಗೆ ಬೇರೇನಿದೆ, ಯಾರು ತುಂಬಿದರು, ಕೇಳೋಣ ಅಂದರೆ ಅಂಗಡಿಯೂ ಇಲ್ಲ, ರಸೀದಿಯೂ ಇಲ್ಲ. 2019-20ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿ ಶ್ವಾಸಕೋಶ ಕೆಟ್ಟು ಸುಮಾರು 2,800 ಜನ ಆಸ್ಪತ್ರೆ ಸೇರಿದರು, 68 ಜನ ಸತ್ತರು. ಅಲ್ಲಿ ಮುಖ್ಯವಾಗಿ ಸಿಕ್ಕಿಬಿದ್ದದ್ದು ಗಾಂಜಾ ಅಂಶದ ಕಳ್ಳ ಮಾಲಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆ. ಮಾಮೂಲಿ ನಿಕೋಟಿನ್ ವೇಪ್‌ನಿಂದಲೇ ಇಷ್ಟಾಯಿತು ಅಂತ ನಾನು ಹೆದರಿಸುವುದಿಲ್ಲ. ಆದರೆ ಎಲ್ಲಿಂದಲೋ ಬಂದ ದ್ರವವನ್ನು ಬಿಸಿ ಮಾಡಿ ಎದೆಗೆ ಎಳೆದುಕೊಳ್ಳಿ ಅಂತ ಯಾವ ಬಾಯಲ್ಲಿ ಹೇಳಲಿ?

ಈಗ ನಿಮ್ಮ ಪ್ಯಾಚ್ ವಿಷಯಕ್ಕೆ ಬರೋಣ, ನನಗೆ ಹೇಳಬೇಕಿರುವುದು ಅದೇ. ನೀವು ನಿಪ್ಪಾಣಿಯವರು, ನಿಮಗೆ ಅರ್ಥ ಮಾಡಿಸುವುದು ಸುಲಭ. ತಂಬಾಕಿನ ಹೊಲದಲ್ಲಿ ಒದ್ದೆ ಎಲೆ ಹಿಡಿದು ಕೆಲಸ ಮಾಡಿದವರಿಗೆ ತಲೆ ಸುತ್ತುತ್ತದೆ, ವಾಂತಿ ಬರುತ್ತದೆ. ಜನ್ಮದಲ್ಲಿ ಬೀಡಿ ಮುಟ್ಟದವರಿಗೂ ಹೀಗಾಗುತ್ತದೆ, ಯಾಕೆಂದರೆ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ಪ್ಯಾಚ್ ಮಾಡುವುದೂ ಅದನ್ನೇ, ಅಳತೆಯಲ್ಲಿ, ನಿಧಾನವಾಗಿ. ಒಂದು ಸಿಗರೇಟ್‌ನಿಂದ ದೇಹಕ್ಕೆ ಇಳಿಯುವುದು ಹೆಚ್ಚುಕಡಿಮೆ 1ರಿಂದ 2 ಎಂ.ಜಿ. ನಿಕೋಟಿನ್. 20 ಸಿಗರೇಟ್ ಸೇದುವ ದೇಹಕ್ಕೆ ಕಡಿಮೆ ಅಂದರೂ ದಿನಕ್ಕೆ 20 ಎಂ.ಜಿ. ಅಭ್ಯಾಸ ಆಗಿರುತ್ತದೆ. ನೀವು ಕೊಟ್ಟಿದ್ದು 14! ಊಟ ಅರ್ಧ ಬಡಿಸಿ ಹಸಿವು ಯಾಕೆ ಹೋಗಲಿಲ್ಲ ಅಂತ ಕೇಳಿದ ಹಾಗಾಯಿತು. ದಿನಕ್ಕೆ 10ಕ್ಕಿಂತ ಜಾಸ್ತಿ ಸೇದುವವರು 21 ಎಂ.ಜಿ.ಯಿಂದ ಶುರು ಮಾಡಬೇಕು. 6 ವಾರ ಅದು, ಆಮೇಲೆ 14ರದ್ದು 2 ವಾರ, 7ರದ್ದು 2 ವಾರ. ನೀವು 9ನೇ ದಿನಕ್ಕೆ ಕೈಬಿಟ್ಟಿರಿ. ಸಿಡುಕು, ನಿದ್ದೆಗೇಡು, ಚಡಪಡಿಕೆ ಎಲ್ಲ ಮೊದಲ ವಾರದಲ್ಲೇ ಜೋರು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತಾ ಬರುತ್ತವೆ. ಕಷ್ಟದ ಭಾಗ ದಾಟಿ ಆಮೇಲೆ ಬಿಟ್ಟಿದ್ದೀರಿ, ಅದೇ ಬೇಜಾರು.

ಇನ್ನೊಂದು ಸಂಗತಿ. ಸಿಗರೇಟ್ ಎಳೆದರೆ ನಿಕೋಟಿನ್ 10-20 ಸೆಕೆಂಡಿನಲ್ಲಿ ಮೆದುಳು ಮುಟ್ಟುತ್ತದೆ, ಪ್ಯಾಚ್‌ನದ್ದು ಏರಲು ತಾಸುಗಟ್ಟಲೆ ಬೇಕು. ಹೀಗಾಗಿ ಪ್ಯಾಚ್ ಒಂದೇ ಇದ್ದರೆ ದಿನವಿಡೀ ನಿಕೋಟಿನ್ ಒಂದು ಮಟ್ಟಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತದೆ, ಆದರೆ ಸಂಕೇಶ್ವರದ ಹತ್ತಿರ ಟೆಂಪೊ ನಿಲ್ಲಿಸಿ ಚಹಾ ಹಿಡಿದಾಗ ಒಮ್ಮೆಲೇ ಎದ್ದು ಬರುವ ತಲಬಿಗೆ ಅದರ ಬಳಿ ಉತ್ತರವಿಲ್ಲ. ವೇಪ್ ಗೆಲ್ಲುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ, ಕೈಗೆ ಕೆಲಸ, ಬಾಯಿಗೆ ಕೆಲಸ, ತಕ್ಷಣ ಏಟು. ಆ ಜಾಗ ತುಂಬಲು ನಿಕೋಟಿನ್ ಗಮ್ ಇದೆ. ಪ್ಯಾಚ್ ಜೊತೆ ಗಮ್ ಸೇರಿಸಿದರೆ ಒಂದೇ ಬಳಸಿದ್ದಕ್ಕಿಂತ ಜಾಸ್ತಿ ಜನ ಬಿಡುತ್ತಾರೆ ಅನ್ನುವುದು ಪರೀಕ್ಷೆಗಳಲ್ಲಿ ಗಟ್ಟಿಯಾಗಿ ಕಂಡಿದೆ. ಎದ್ದು ಅರ್ಧ ಗಂಟೆಯೊಳಗೆ ಸೇದುವ ನಿಮ್ಮಂಥವರಿಗೆ 4 ಎಂ.ಜಿ.ಯದ್ದು, ಉಳಿದವರಿಗೆ 2. ಪ್ಯಾಚ್ ಮತ್ತು ಗಮ್ ಎರಡನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ ಚೀಟಿ ಬರೆಸಿಕೊಳ್ಳಿ, ಅಂಗಡಿಯವನು ಕೊಟ್ಟ ಅಳತೆ ಬೇಡ.

ಗಮ್ ಅಂದರೆ ಚೂಯಿಂಗ್ ಗಮ್ ಥರ ಚಪಚಪ ಅಗಿಯುವುದಲ್ಲ. ನಿಧಾನಕ್ಕೆ ಅಗಿಯಿರಿ, ಬಾಯಿ ಖಾರವಾದಂತೆ ಚುರುಗುಟ್ಟಿದಾಗ ನಿಲ್ಲಿಸಿ ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳಿ. ತಂಬಾಕು-ಸುಣ್ಣ ಒತ್ತಿಟ್ಟುಕೊಂಡವರನ್ನು ನೋಡಿದ್ದೀರಲ್ಲ, ಹಾಗೇ. ಚುರುಗುಟ್ಟುವುದು ನಿಂತರೆ ಮತ್ತೆ ಅಗಿಯಿರಿ. ಅರ್ಧ ಗಂಟೆ ಬರುತ್ತದೆ. ರಸ ನುಂಗಿದರೆ ಬಿಕ್ಕಳಿಕೆ, ಎದೆಯುರಿ ಬರುತ್ತದೆ, ಲಾಭವೂ ಇಲ್ಲ. ಚಹಾ, ಲಿಂಬು ಸೋಡಾ ಕುಡಿದ ಮೇಲೆ ಕಾಲು ಗಂಟೆ ಬಿಟ್ಟು ಹಾಕಿಕೊಳ್ಳಿ, ಇಲ್ಲದಿದ್ದರೆ ನಿಕೋಟಿನ್ ಬಾಯಿಯಲ್ಲಿ ಹೀರಿಕೊಳ್ಳುವುದಿಲ್ಲ.

ಪ್ಯಾಚ್ ಹಚ್ಚುವ ಜಾಗ: ತೋಳಿನ ಮೇಲ್ಭಾಗ, ಎದೆಯ ಮೇಲೆ, ಕೂದಲಿಲ್ಲದ ಕಡೆ. ಸ್ನಾನ ಮಾಡಿ ಪೂರ್ತಿ ಒರೆಸಿಕೊಂಡ ಮೇಲೆ, ಎಣ್ಣೆ, ಪೌಡರ್ ಏನೂ ಇಲ್ಲದ ಚರ್ಮಕ್ಕೆ ಅಂಗೈಯಿಂದ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿಯಿರಿ. ನಮ್ಮ ಏಪ್ರಿಲ್ ಬಿಸಿಲಿಗೆ, ಅದೂ ಟೆಂಪೊ ಕ್ಯಾಬಿನ್ನಿನಲ್ಲಿ, ಅಂಚು ಏಳುವುದು ಸಹಜ. ಮೇಲೊಂದು ಮೆಡಿಕಲ್ ಟೇಪ್ ಅಂಟಿಸಿ. ದಿನಾ ಜಾಗ ಬದಲಿಸಿ, ಕತ್ತರಿಸಬೇಡಿ. ತೆಗೆದದ್ದನ್ನು ಒಳಮುಖವಾಗಿ ಮಡಚಿ ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ, ಬಳಸಿದ ಮೇಲೂ ಅದರಲ್ಲಿ ನಿಕೋಟಿನ್ ಉಳಿದಿರುತ್ತದೆ. ಕನಸು ಕಾಡಿದರೆ ಮಲಗುವಾಗ ತೆಗೆದುಬಿಡಿ, ಬೆಳಿಗ್ಗೆ ಎದ್ದ ಕೂಡಲೇ ಹೊಸದು ಹಚ್ಚಿ, ಅದು ಏರುವವರೆಗೆ ಒಂದು ಗಮ್. ಹೊಟ್ಟೆ ಖಾಲಿಯಾಗದ ಸಮಸ್ಯೆ ನಿಮ್ಮ ಕಲ್ಪನೆಯಲ್ಲ, ನಿಕೋಟಿನ್ ಕರುಳನ್ನು ಚುರುಕು ಮಾಡುತ್ತದೆ. ಕೆಲವು ವಾರ ಬಿಸಿನೀರು, ಜೋಳದ ರೊಟ್ಟಿ, ಸೊಪ್ಪು, ಕಾಳು ಜಾಸ್ತಿ ಮಾಡಿ, ತಾನಾಗಿ ದಾರಿಗೆ ಬರುತ್ತದೆ.

ನಡುವೆ ಒಂದು ಸೇದಿಬಿಟ್ಟರೆ ಪ್ಯಾಚ್ ಕಿತ್ತೆಸೆಯಬೇಡಿ, ಸಿಗರೇಟ್ ಎಸೆಯಿರಿ. ಪ್ಯಾಚ್ ಇದ್ದಾಗ ಸೇದಿದರೆ ಹೃದಯ ನಿಂತೇಹೋಗುತ್ತದೆ ಅಂತ ಊರೆಲ್ಲ ಹೇಳುತ್ತಾರೆ, ಅದು ಸುಳ್ಳು. ಇದೂ ಆಗದಿದ್ದರೆ ಸಿಗರೇಟ್ ಬಿಡಲು ಕೊಡುವ ವರೆನಿಕ್ಲಿನ್ ಮಾತ್ರೆ ಇದೆ, ಡಾಕ್ಟರ ಹತ್ತಿರ ಕೇಳಿ. ಸಿಗರೇಟ್ ಪ್ಯಾಕಿನ ಮೇಲೆ 1800-11-2356 ಅಂತ ತಂಬಾಕು ಬಿಡಲು ಸಹಾಯ ಮಾಡುವವರ ಒಂದು ನಂಬರ್ ಇದೆ, ದಿನಾ ಕೈಯಲ್ಲಿ ಹಿಡಿದರೂ ಯಾರೂ ಓದಿರುವುದಿಲ್ಲ. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ನಮ್ಮ ಅಪ್ಪನಿಗೆ 63, ಎಂಟು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಕದ್ದು ಬೀಡಿ ಸೇದುತ್ತಾರೆ, ಕೇಳಿದರೆ "ಇದು ಬರೀ ಎಲೆ, ಸಿಗರೇಟ್ ಅಲ್ಲ" ಅನ್ನುತ್ತಾರೆ. ಹಾರ್ಟ್ ಪೇಷಂಟ್‌ಗೆ ಪ್ಯಾಚ್ ಹಚ್ಚಬಹುದಾ?

ಉತ್ತರ: ಹಚ್ಚಬಹುದಮ್ಮಾ. ಹಾರ್ಟ್ ಅಟ್ಯಾಕ್ ಆಗಿ ಎರಡು ವಾರದೊಳಗೆ ಇದ್ದರೆ, ಎದೆನೋವು ದಿನದಿನಕ್ಕೆ ಜಾಸ್ತಿ ಆಗುತ್ತಿದ್ದರೆ ಅಥವಾ ಬಡಿತದ ತೊಂದರೆ ಇದ್ದರೆ ಹುಷಾರು ಬೇಕು. ಎಂಟು ತಿಂಗಳಾಗಿ ಆರಾಮಾಗಿದ್ದರೆ ಬೀಡಿಯ ಹೊಗೆಗಿಂತ ಪ್ಯಾಚ್ ಎಷ್ಟೋ ವಾಸಿ, ಆದರೂ ಅಳತೆಯನ್ನು ಸ್ಟೆಂಟ್ ಹಾಕಿದ ಡಾಕ್ಟರನ್ನೇ ಕೇಳಿ. ಬೀಡಿ ಬರೀ ಎಲೆ ಅನ್ನುವುದಕ್ಕೆ ಅಪ್ಪನಿಗೆ ಒಂದು ಮಾತು ಕೇಳಿ: ಬಿಟ್ಟರೆ ಆರಿಹೋಗುತ್ತದೆ ಅಂತ ಸಿಗರೇಟ್‌ಗಿಂತ ಜೋರಾಗಿ, ಮೇಲಿಂದ ಮೇಲೆ ಎಳೆಯುವುದು ಹೌದೋ ಅಲ್ಲವೋ? ಹಾಗೆ ಎಳೆದಾಗ ಟಾರು, ಕಾರ್ಬನ್ ಮೊನಾಕ್ಸೈಡ್ ಸಿಗರೇಟ್‌ಗಿಂತ ಜಾಸ್ತಿಯೇ ಒಳಗೆ ಹೋಗುತ್ತದೆ. ಬಿಟ್ಟು ಒಂದೆರಡು ದಿನದಲ್ಲೇ ರಕ್ತದಲ್ಲಿನ ಆ ಮೊನಾಕ್ಸೈಡ್ ಮಾಮೂಲಿಗೆ ಇಳಿಯುತ್ತದೆ.

ಬೀಡಿ ಬಿಟ್ಟ ಜಾಗಕ್ಕೆ ಗುಟ್ಕಾ, ಮಾವಾ ಬಾರದಂತೆ ನೋಡಿಕೊಳ್ಳಿ, ನಮ್ಮ ಕಡೆ ಹೀಗೆ ಆಗುವುದು ಜಾಸ್ತಿ. ಮತ್ತೆ ಮನೆಯಲ್ಲಿ ಜೇಬು ತಪಾಸಣೆ ನಿಲ್ಲಿಸಿ. ಕದ್ದು ಸೇದುವವರು ಎಷ್ಟು ಸೇದುತ್ತೇವೆ ಅಂತ ಡಾಕ್ಟರಿಗೂ ಹೇಳುವುದಿಲ್ಲ, ಆ ಲೆಕ್ಕ ಸಿಗದೆ ಪ್ಯಾಚ್‌ನ ಅಳತೆ ಹೇಗೆ ಬರೆಯುವುದು?