ಪ್ರಶ್ನೋತ್ತರ: ಡೊಳ್ಳು, 808 ಮತ್ತು ‘ನಮ್ಮ ಕಡೆ ಸೌಂಡ್’

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ರ‍್ಯಾಪ್ ಮಾಡುವವರು, ಬೀಟ್ ಕಟ್ಟುವವರು ಬರೆದ ಪತ್ರಗಳಿಗೆ ಈ ಸಲ ಉತ್ತರ. (808 ಎಂದರೆ ಹಳೆಯ ಡ್ರಮ್ ಯಂತ್ರವೊಂದರ ಹೆಸರಿನಿಂದ ಬಂದ ಆಳದ ಬೇಸ್ ದನಿ.)

ಪ್ರಶ್ನೆ: ಡೊಳ್ಳಿನ ಬೀಟ್ ಮ್ಯಾಲ ನಮ್ಮ ಭಾಷಾದಾಗ ಮಾಡಿದ ರ‍್ಯಾಪ್ ಹಾಡು ಚಲೋ ಓಡಿದ್ವು. ಈಗ ಡೊಳ್ಳು ಬಿಟ್ಟು, ನಿಧಾನ ಬೀಟ್ ಹಾಕಿ, ಅರ್ಧ ಹಾಡಿ ಅರ್ಧ ಮಾತಾಡಿದ ಹಾಡೊಂದು ಬಿಟ್ಟೀನ್ರಿ. ‘ಇದು ಹುಬ್ಬಳ್ಳಿ ಸೌಂಡ್ ಅಲ್ಲ, ಬೆಂಗಳೂರು ಗಾಳಿ ಬಡದೈತಿ’ ಅಂತಾರ. ಹಳೇ ದಾರಿಗೆ ಹೊಳ್ಳಬೇಕೋ, ಮುಂದ ಹೋಗಬೇಕೋ?
– ಹಳೇ ಹುಬ್ಬಳ್ಳಿಯ ಓದುಗ

ಉತ್ತರ: ಹೊಳ್ಳಬೇಡಿ. ಆದರೆ ಕೇಳುಗರ ಮಾತನ್ನು ತಳ್ಳಿಹಾಕಲೂ ಬೇಡಿ. ‘ಹುಬ್ಬಳ್ಳಿ ಸೌಂಡ್’ ಎಂದು ಅವರು ಕರೆಯುವುದರಲ್ಲಿ ನಾಲ್ಕು ಸಂಗತಿ ಕೂಡಿವೆ: ನುಡಿ, ಲಯದ ವೇಗ, ವಾದ್ಯದ ಬಣ್ಣ, ದನಿ ತೆಗೆಯುವ ರೀತಿ. ನೀವು ಇದರಲ್ಲಿ ಮೂರನ್ನು ಒಂದೇ ಏಟಿಗೆ ಬದಲಿಸಿದ್ದೀರಿ. ಉಳಿದದ್ದು ನುಡಿಯೊಂದೇ. ಅದೂ ಆಟೋಟ್ಯೂನ್ (ಶ್ರುತಿ ತಿದ್ದುವ ಸಾಫ್ಟ್‌ವೇರ್), ರಿವರ್ಬ್ (ಪ್ರತಿಧ್ವನಿ) ಒಳಗೆ ಮುಳುಗಿದ್ದರೆ ಕೇಳುಗನಿಗೆ ಕೈಗೆ ಸಿಗುವಂಥದ್ದು ಏನೂ ಇರುವುದಿಲ್ಲ. ಏನು ತಪ್ಪಿದೆ ಎಂದು ಹೇಳಲು ಬಾರದೆ ಅವರು ಊರಿನ ಹೆಸರು ಹೇಳುತ್ತಾರೆ.

ಒಂದು ಪರೀಕ್ಷೆ ಮಾಡಿ. ಬೀಟ್ ಮ್ಯೂಟ್ ಮಾಡಿ, ದನಿಯನ್ನಷ್ಟೇ ನಿಮ್ಮ ಪರಿಚಯವಿಲ್ಲದ ಐದಾರು ಮಂದಿಗೆ ಕೇಳಿಸಿ, ಯಾವ ಕಡೆಯ ಹುಡುಗ ಎಂದು ಕೇಳಿ. ‘ನಮ್ಮ ಕಡಿಯವ’ ಎಂದು ಥಟ್ಟನೆ ಹೇಳಿದರೆ ಹಾಡಿನ ಬುಡ ಗಟ್ಟಿಯಿದೆ, ತೊಂದರೆ ಬೀಟ್‌ನಲ್ಲಿದೆ. ಅನುಮಾನಿಸಿದರೆ ತೊಂದರೆ ನಿಮ್ಮ ದನಿಯಲ್ಲೇ ಇದೆ. ಡೊಳ್ಳನ್ನು ಮರಳಿ ತಂದರೂ ಅದು ನೀಗುವುದಿಲ್ಲ. ಆ ಬೀಟ್ ಎಲ್ಲಿಯದು ಎಂಬುದನ್ನೂ ನೋಡಿಕೊಳ್ಳಿ. ನೆಟ್‌ನಿಂದ ಲೀಸ್‌ಗೆ ತಂದ ಟೈಪ್ ಬೀಟ್ (ಹೆಸರಾದವರ ಶೈಲಿಯ ಸಿದ್ಧ ಬೀಟ್) ಆಗಿದ್ದರೆ ಅದೇ ಬೀಟ್ ಮೇಲೆ ಇನ್ನೆಷ್ಟೋ ಮಂದಿ ಹಾಡಿರುತ್ತಾರೆ. ಆಗ ಕೇಳುಗರ ದೂರು ನೂರಕ್ಕೆ ನೂರು ಸರಿ.

ಈ ಜಗ್ಗಾಟ ಹಿಪ್-ಹಾಪ್‌ನಲ್ಲಿ ಹೊಸದಲ್ಲ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಈ ಕಲೆಯ ಮೇಲೆ ಬಹಳ ವರ್ಷ ಆ ನಗರದ್ದೇ ಹಿಡಿತವಿತ್ತು. 1992ರ ಕೊನೆಗೆ ರ‍್ಯಾಪರ್, ಬೀಟ್ ಕಟ್ಟುವವರಾದ ಡಾ. ಡ್ರೆ ಹಳೆಯ ಫಂಕ್ ಬೇಸ್‌ಲೈನ್ ಮತ್ತು ಕೀಚಲು ಸಿಂಥ್ ಕೂಡಿಸಿ ಲಾಸ್ ಏಂಜಲೀಸ್‌ಗೆ ಬೇರೆಯದೇ ಚಹರೆ ಕೊಟ್ಟರು. 1995ರಲ್ಲಿ ನ್ಯೂಯಾರ್ಕಿನ ಪ್ರಶಸ್ತಿ ಸಮಾರಂಭವೊಂದರಲ್ಲಿ ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿ ವೇದಿಕೆ ಹತ್ತಿದಾಗ ಸಭಿಕರು ಕೂಗಿ ಗೇಲಿ ಮಾಡಿದರು. ದಕ್ಷಿಣದವರಿಗೂ ಹೇಳಲು ಮಾತಿದೆ ಎಂದು ಜೋಡಿಯಲ್ಲೊಬ್ಬರಾದ ಆಂಡ್ರೆ 3000 ಅಲ್ಲೇ ಉತ್ತರ ಕೊಟ್ಟರು. ಹಾಗೆ ಊರಿನ ಪರ ನಿಂತ ಈ ಜೋಡಿಯವರು ಮರುವರ್ಷವೇ ತಮ್ಮ ಮೊದಲ ಆಲ್ಬಮ್‌ನ ಸೌಂಡ್ ಬಿಟ್ಟು ನಿಧಾನದ, ಪ್ರತಿಧ್ವನಿ ತುಂಬಿದ ಎರಡನೆಯದನ್ನು ತಂದರು. ಆಮೇಲೂ ಪ್ರತಿ ಆಲ್ಬಮ್‌ಗೆ ಸೌಂಡ್ ಬದಲಾಯಿತು, 2004ರಲ್ಲಿ ವರ್ಷದ ಆಲ್ಬಮ್‌ನ ಗ್ರ್ಯಾಮಿ ಬಂತು. ಮಾತಿನ ಎಳೆತ ಮಾತ್ರ ಕೊನೆತನಕ ಅಟ್ಲಾಂಟಾದ್ದೇ.

ನಮ್ಮದೇ ಎಂದು ಊರು ಹಿಡಿದುಕೊಳ್ಳುವ ಸೌಂಡ್ ಬಹಳ ಸಲ ಹೊರಗಿನಿಂದ ಬಂದದ್ದು ಎಂಬುದೂ ತಿಳಿದಿರಲಿ. ನ್ಯೂ ಆರ್ಲಿಯನ್ಸ್‌ನ ಬೌನ್ಸ್ ಎಂಬ ಕುಣಿತದ ರ‍್ಯಾಪ್‌ಗೆ ಆಧಾರವಾದ ಬೀಟ್ 1986ರ ನ್ಯೂಯಾರ್ಕ್ ತಂಡವೊಂದರದು. ಡ್ರಿಲ್ ಎಂಬ ರ‍್ಯಾಪ್ ಬಗೆ ಶಿಕಾಗೋದಿಂದ ಲಂಡನ್‌ಗೆ ಹೋಗಿ, ಅಲ್ಲಿ ಜಾರುವ ಬೇಸ್ ಕಲಿತು ಬ್ರೂಕ್ಲಿನ್‌ಗೆ ಬಂತು. ಬ್ರೂಕ್ಲಿನ್‌ನ ಪಾಪ್ ಸ್ಮೋಕ್‌ಗೆ ಬೀಟ್ ಕೊಟ್ಟವರು ಲಂಡನ್‌ನ 808ಮೆಲೋ.

ಹಾಗಾಗಿ ಮುಂದಿನ ಹಾಡಿನಲ್ಲಿ ನಿಧಾನ ವೇಗವನ್ನೇ ಉಳಿಸಿಕೊಳ್ಳಿ, ಡೊಳ್ಳಿಲ್ಲದಿದ್ದರೂ ನಡೆದೀತು, ಆದರೆ ದನಿಯನ್ನು ಬತ್ತಲೆಯಾಗಿ ಮುಂದಿಡಿ. ಹುಕ್‌ನಲ್ಲಿ (ಮತ್ತೆ ಮತ್ತೆ ಬರುವ ಪಲ್ಲವಿಯಲ್ಲಿ) ಗೀಗೀ ಪದದ ಕಟ್ಟನ್ನು ಬಳಸಿ: ಮುಮ್ಮೇಳದವ ಸಾಲು ಎಸೆಯುತ್ತಾನೆ, ಹಿಮ್ಮೇಳ ಅದರ ಬಾಲವನ್ನು ಹಿಡಿದು ಏರಿಸುತ್ತದೆ. ಹರದೇಶಿ-ನಾಗೇಶಿಯ ವಾದ-ಪ್ರತಿವಾದ ಕೇಳಿ ಬೆಳೆದ ಕಿವಿಗೆ ಈ ಕಟ್ಟು ಒಂದೇ ಸಾಲಿಗೆ ಗುರುತು ಸಿಗುತ್ತದೆ. ಡೊಳ್ಳು ಹಾಕಿದ ಮಾತ್ರಕ್ಕೆ ಹಾಡು ಉತ್ತರ ಕರ್ನಾಟಕದ್ದಾಗುವುದಿಲ್ಲ, ತೆಗೆದ ಮಾತ್ರಕ್ಕೆ ಪರವೂರಿನದೂ ಆಗುವುದಿಲ್ಲ. ವೇದಿಕೆಯ ಮೇಲೆ ಹೊಸ ಹಾಡನ್ನು ಮೊದಲಿಗೋ ಕೊನೆಗೋ ಇಡಬೇಡಿ. ಎರಡು ಹಳೆಯವು ಮುಗಿದು ಜನ ಬಿಸಿಯಾದ ಮೇಲೆ ಮೂರನೆಯದಾಗಿ ಇಡಿ.

ಪ್ರಶ್ನೆ: ಡೊಳ್ಳು ರೆಕಾರ್ಡ್ ಮಾಡಿ 808 ಜೋಡಿ ಕೂಡಿಸಿದ್ರ ಹೆಡ್‌ಫೋನಿನ್ಯಾಗ ಬರೇ ಗುಂಯ್ ಅಂತೈತಿ. ಮೊಬೈಲಿನ್ಯಾಗ ಎರಡೂ ಕೇಳೂದಿಲ್ಲ. ಗಣಪತಿ ಮೆರವಣಿಗಿ ಡಿಜೆದಾಗ ಹಾಕಿದ್ರ ಮಾತು ತಿಳಿಯೂದಿಲ್ಲ.
– ಹಾವೇರಿಯಿಂದ ಬೀಟ್ ಮಾಡುವವರು

ಉತ್ತರ: ಎರಡೂ ಒಂದೇ ಜಾಗಕ್ಕೆ ಕಾದಾಡುತ್ತಿವೆ. 808ರ ಬೇಸ್ ಸಾಮಾನ್ಯವಾಗಿ 40ರಿಂದ 60 ಹರ್ಟ್ಜ್ ನಡುವೆ ಕೂರುತ್ತದೆ (ಎಫ್ ಸ್ವರ 43.65, ಜಿ 49, ಎ 55), ಅದರ ಮೊಳಗು ಉದ್ದ. ಡೊಳ್ಳಿನ ಕೈ ಕಡೆಯ ಗುಮ್ಮು ಅದರ ಆಸುಪಾಸಿನಲ್ಲೇ ಬಂದು ಬೀಳುತ್ತದೆ.

ಕೆಡುವುದು ಶುರುವಾಗುವುದೇ ರೆಕಾರ್ಡಿಂಗ್‌ನಲ್ಲಿ. ಹತ್ತು ಅಡಿಯ ಕೋಣೆಯ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನ ಅಲೆ ನಿಂತುಬಿಡುತ್ತದೆ. ನಿಮಗೆ ಕೇಳುವ ಗುಂಯ್‌ನಲ್ಲಿ ಕೋಣೆಯ ಪಾಲೂ ಇದೆ. ಬಯಲಲ್ಲೋ ದೊಡ್ಡ ಸಭಾಭವನದಲ್ಲೋ ಬಾರಿಸಿ. ಕೋಲಿನ ಕಡೆ 30 ಸೆಂಟಿಮೀಟರ್, ಕೈ ಕಡೆ 40 ಸೆಂಟಿಮೀಟರ್ ದೂರಕ್ಕೆ ಒಂದೊಂದು ಮೈಕ್ ಇಡಿ. ಒಂದು ಚರ್ಮ ಒಳಗೆ ಹೋದಾಗ ಇನ್ನೊಂದು ಹೊರಗೆ ಉಬ್ಬುತ್ತದೆ, ಹಾಗಾಗಿ ಒಂದು ಟ್ರ್ಯಾಕ್‌ನ ಪೋಲಾರಿಟಿ (ಅಲೆಯ ಏರಿಳಿತದ ದಿಕ್ಕು) ತಿರುಗಿಸಿ ಕೇಳಿ. ಯಾವುದರಲ್ಲಿ ತಳ ತುಂಬಿ ಬರುತ್ತದೋ ಅದನ್ನೇ ಇಟ್ಟುಕೊಳ್ಳಿ. 24 ಬಿಟ್, 48 ಕಿಲೋಹರ್ಟ್ಜ್, ಗಟ್ಟಿ ಏಟು ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್. ಒಂದೊಂದು ಏಟನ್ನೂ ಮೆಲ್ಲಗೆ, ನಡುವೆ, ಗಟ್ಟಿಯಾಗಿ, ತಲಾ ಎಂಟೆಂಟು ಸಲ ಹಿಡಿಯಿರಿ. ಒಂದೇ ಸ್ಯಾಂಪಲ್ ಮತ್ತೆ ಮತ್ತೆ ಬಂದರೆ ಯಂತ್ರ ಬಡಿದಂತೆ ಕೇಳುತ್ತದೆ. ಮಳೆಗಾಲದಲ್ಲಿ ಚರ್ಮ ತೇವ ಹಿಡಿದು ಸಡಿಲಾಗಿ ಸ್ವರ ಇಳಿಯುತ್ತದೆ. ಹಗ್ಗ ಬಿಗಿದು, ಒಂದು ಹಾಡಿಗೆ ಬೇಕಾದ ಎಲ್ಲ ಏಟುಗಳನ್ನೂ ಒಂದೇ ದಿನ ಮುಗಿಸಿ.

ಇನ್ನು ಸ್ವರ. ಡೊಳ್ಳಿನ ಗುಮ್ಮನ್ನು ಸ್ಪೆಕ್ಟ್ರಮ್ ಮೀಟರ್‌ನಲ್ಲಿ ನೋಡಿ. 82 ಹರ್ಟ್ಜ್ ಹತ್ತಿರ ಬಂದರೆ ಅದು ಇ ಸ್ವರ; ಹಾಡನ್ನು ಇ ಶ್ರುತಿಗೆ ತಂದು 808 ಅನ್ನು ಒಂದು ಸಪ್ತಕ ಕೆಳಗೆ 41.2ಕ್ಕೆ ಕೂರಿಸಿ. ಡೊಳ್ಳನ್ನು ಕಂಪ್ಯೂಟರಿನಲ್ಲಿ ಎಳೆದು ಹಾಡಿಗೆ ಹೊಂದಿಸುವುದಕ್ಕಿಂತ ಹಾಡನ್ನೇ ಡೊಳ್ಳಿಗೆ ಹೊಂದಿಸುವುದು ಮೇಲು, ಚರ್ಮದ ನಿಜವಾದ ದನಿ ಉಳಿಯುತ್ತದೆ.

ತಳ ಯಾರದು ಎಂದು ತೀರ್ಮಾನಿಸಿ. 808ರದ್ದಾದರೆ ಡೊಳ್ಳಿಗೆ 100 ಹರ್ಟ್ಜ್‌ನಲ್ಲಿ ಹೈಪಾಸ್ ಹಾಕಿ (ಅದಕ್ಕಿಂತ ಕೆಳಗಿನದನ್ನು ಕತ್ತರಿಸಿ), 250ರಿಂದ 400ರ ನಡುವೆ 3 ಡೆಸಿಬೆಲ್ ತೆಗೆಯಿರಿ. ಡೊಳ್ಳಿನ ಏಟು ಬಿದ್ದಾಗ 808ರ ದನಿ ತಾನಾಗಿ ತಗ್ಗುವಂತೆ ಸೈಡ್‌ಚೈನ್ ಕೊಡಿ: ಅಟ್ಯಾಕ್ (ತಗ್ಗಲು ಹಿಡಿಯುವ ಹೊತ್ತು) 1ರಿಂದ 3 ಮಿಲಿಸೆಕೆಂಡ್, ರಿಲೀಸ್ (ಮರಳಲು ಹಿಡಿಯುವ ಹೊತ್ತು) 80ರಿಂದ 120, ಇಳಿತ 4ರಿಂದ 6 ಡೆಸಿಬೆಲ್. ತಳ ಡೊಳ್ಳಿನದಾದರೆ 808 ಅನ್ನು ಆ ಭಾಗದಲ್ಲಿ ಪೂರ್ತಿ ತೆಗೆದುಬಿಡಿ. ಅರ್ಧಂಬರ್ಧ ಇಟ್ಟರೆ ಮತ್ತೆ ಅದೇ ಗುಂಯ್.

ಮೊಬೈಲ್ ಸ್ಪೀಕರ್‌ಗೆ 200 ಹರ್ಟ್ಜ್ ಕೆಳಗಿನದು ಹೆಚ್ಚೇನೂ ಬಾರದು. 808ಕ್ಕೆ ಸ್ಯಾಚುರೇಷನ್ (ಹದವಾದ ಒಡಕು) ಕೊಟ್ಟರೆ ಮೇಲಿನ ಹಾರ್ಮೋನಿಕ್‌ಗಳು ಹುಟ್ಟುತ್ತವೆ, ಅವನ್ನು ಕೇಳಿ ಕಿವಿಯೇ ತಳದ ಸ್ವರವನ್ನು ಊಹಿಸಿಕೊಳ್ಳುತ್ತದೆ. ಮೆರವಣಿಗೆಯಲ್ಲಿ ಮಾತು ತಿಳಿಯದಿರಲು ಕಾರಣ ಬೇರೆ: ಕೋಲಿನ ಚಟಚಟ ಮತ್ತು ವ್ಯಂಜನಗಳು ಎರಡೂ 2ರಿಂದ 4 ಕಿಲೋಹರ್ಟ್ಜ್‌ನಲ್ಲಿವೆ. ಈಕ್ಯೂ (ಈಕ್ವಲೈಸರ್) ತಿರುಗಿಸುವ ಬದಲು ಬಾರಿಸುವುದನ್ನೇ ಕಡಿಮೆ ಮಾಡಿ. ವರ್ಸ್‌ನಲ್ಲಿ (ಚರಣದಲ್ಲಿ) ಅರ್ಧ ಏಟು ಸಾಕು, ಹುಕ್ ಬಂದಾಗ ಪೂರ್ತಿ ಬಿಡಿ. 120 ಹರ್ಟ್ಜ್ ಕೆಳಗಿನದೆಲ್ಲ ಮೋನೋ (ಎಡ-ಬಲ ಎರಡರಲ್ಲೂ ಒಂದೇ) ಇರಲಿ.

ಪ್ರಶ್ನೆ: ನಮ್ಮೂರ ಭಜನಾ ಮೇಳದ ತಾಳ-ದಮ್ಮಡಿ ರೆಕಾರ್ಡ್ ಮಾಡೇವಿ. ಸಾಫ್ಟ್‌ವೇರಿನ ಗ್ರಿಡ್ಡಿಗೆ ಕೂಡ್ರಿಸಿದ್ರ ಜೀವಾನ ಹೋಗತೈತಿ.
– ಗದಗ-ಬೆಟಗೇರಿಯ ಗೆಳೆಯರು

ಉತ್ತರ: ಭಜನೆಯ ವೇಗ ಏರುತ್ತಾ ಹೋಗುತ್ತದೆ, ನಿಮಿಷಕ್ಕೆ 92 ಏಟಿನಲ್ಲಿ ಹಿಡಿದದ್ದು 104ಕ್ಕೆ ಮುಟ್ಟಿರಬಹುದು. ಆ ಏರಿಕೆಯೇ ಅದರ ಜೀವ. ರೆಕಾರ್ಡಿಂಗ್ ಅನ್ನು ಗ್ರಿಡ್‌ಗೆ (ಸಮಾನ ಅಂತರದ ಲಯದ ಗೆರೆಗಳಿಗೆ) ಎಳೆಯಬೇಡಿ, ಗ್ರಿಡ್ಡನ್ನೇ ರೆಕಾರ್ಡಿಂಗ್‌ಗೆ ಬಗ್ಗಿಸಿ. ಪ್ರತಿ ಆವರ್ತನದ ಮೊದಲ ಏಟಿಗೆ ಗುರುತು ಹಾಕಿ ಟೆಂಪೋ ಮ್ಯಾಪ್ ಮಾಡಿದರೆ ಕಿಕ್, ಹೈ-ಹ್ಯಾಟ್ ಅದನ್ನೇ ಹಿಂಬಾಲಿಸುತ್ತವೆ. ಕ್ವಾಂಟೈಸ್ ಮಾಡಲೇಬೇಕಿದ್ದರೆ (ಏಟುಗಳನ್ನು ಗ್ರಿಡ್‌ನತ್ತ ಸರಿಸಲೇಬೇಕಿದ್ದರೆ) 40ರಿಂದ 60 ಪ್ರತಿಶತ ಸಾಕು. ತಾಳ ದಾದರಾ ಆಗಿದ್ದರೆ ಬೂಮ್-ಬ್ಯಾಪ್ ಎಂಬ ಹಳೇ ಶೈಲಿಯ 90ಕ್ಕೆ ತುರುಕಬೇಡಿ. ಟ್ರ್ಯಾಪ್ ಶೈಲಿಯ 140ಕ್ಕೆ ಹೋಗಿ. ಅಲ್ಲಿ ನಾಲ್ಕು ಏಟಿನ ಒಂದು ಬಾರ್‌ಗೆ 1.71 ಸೆಕೆಂಡ್, ಅದರೊಳಗೆ ದಾದರಾದ ಆರು ಮಾತ್ರೆ ಟ್ರಿಪ್ಲೆಟ್‌ಗಳಾಗಿ (ಮೂರು ಮೂರರ ಗುಂಪಾಗಿ) ಕೂತು ಹೈ-ಹ್ಯಾಟ್ ರೋಲ್ ಜೊತೆ ತಾನಾಗಿ ಬೆರೆಯುತ್ತವೆ.

ಪ್ರಶ್ನೆ: ಬರಿಯಾಕ ಕುಂತ್ರ ಪುಸ್ತಕದ ಕನ್ನಡ ಬರತೈತಿ, ಬೀಟಿಗೆ ಕೂಡೂದಿಲ್ಲ. ನಮ್ಮ ಮಾತಿನ್ಯಾಗ ಬರದ್ರ ಮೈಸೂರು ಕಡಿಯವ್ರಿಗೆ ತಿಳಿತೈತೇನ್ರಿ?
– ಧಾರವಾಡದ ಕಾಲೇಜು ವಿದ್ಯಾರ್ಥಿನಿ

ಉತ್ತರ: ತಿಳಿಯುತ್ತದೆ. ಒಂದೆರಡು ಪದ ತಿಳಿಯದಿದ್ದರೂ ಕೇಳುತ್ತಾರೆ. ಕೂಡದಿರಲು ಕಾರಣ ಲೆಕ್ಕದಲ್ಲಿದೆ. 90ರ ವೇಗದ ಒಂದು ಬಾರ್‌ಗೆ 2.67 ಸೆಕೆಂಡ್, ಏಟಿಗೆ ನಾಲ್ಕರಂತೆ ಹದಿನಾರು ಮನೆ. ‘ಹತ್ತು ಗಂಟೆಯ ಬಸ್ಸು ಹೋಯಿತು, ನಿಲ್ದಾಣದಲ್ಲಿ ನಿಂತಿದ್ದೇನೆ’ ಎಂದರೆ ಉಚ್ಚಾರದಲ್ಲಿ ಹತ್ತೊಂಬತ್ತು ತುಣುಕು, ಮೂರು ಹೊರಗೆ ಚೆಲ್ಲುತ್ತವೆ. ಅದನ್ನೇ ಹೀಗೆ ಹೇಳಿ ನೋಡಿ:

ಹತ್ತ ಗಂಟೆ ಬಸ್ಸ ಹೋತು, ಸ್ಟ್ಯಾಂಡಿನ್ಯಾಗ ನಿಂತೀನಿ
ಬುತ್ತಿಯಾಗ ರೊಟ್ಟಿ ಐತಿ, ಮಾತ ಮಾತ್ರ ನುಂಗೀನಿ

ಸಾಲಿಗೆ ಹದಿನೈದೇ. ಹದಿನಾರನೇ ಮನೆ ಉಸಿರಿಗೆ. ಸ್ನೇರ್ (ಚಟ್ ಎನ್ನುವ ಡ್ರಮ್) ಬೀಳುವುದು ಎರಡನೇ ಮತ್ತು ನಾಲ್ಕನೇ ಏಟಿಗೆ, ಅಂದರೆ ಐದನೇ, ಹದಿಮೂರನೇ ಮನೆಗೆ. ಅಲ್ಲಿ ‘ಬಸ್’, ‘ನಿಂ’, ಕೆಳಗೆ ‘ರೊಟ್’, ‘ನುಂ’ ಬಂದಿವೆ. ಮುಂದೆ ಒತ್ತಕ್ಷರವೋ ಪಕ್ಕದಲ್ಲಿ ಸೊನ್ನೆಯೋ ಇರುವ ಗುರು ಸ್ನೇರ್ ಮೇಲೆ ಬಿದ್ದರೆ ಏಟಿಗೆ ಏಟು ಕೂಡುತ್ತದೆ, ಲಘು ಬಿದ್ದರೆ ಸಾಲು ಸೊರಗುತ್ತದೆ. ‘ಹತ್ತ–ಬುತ್ತಿ’ ಹಳಗನ್ನಡ ಕವಿಗಳ ಆದಿಪ್ರಾಸ, ‘ನಿಂತೀನಿ–ನುಂಗೀನಿ’ ಅಂತ್ಯಪ್ರಾಸ. ರ‍್ಯಾಪ್ ಬರೆಯುವವರಲ್ಲಿ ಹೆಚ್ಚಿನವರು ಕೊನೆಯದನ್ನಷ್ಟೇ ಹಿಡಿದಿದ್ದಾರೆ. ಎರಡನೇ ಅಕ್ಷರದ ಪ್ರಾಸದಲ್ಲಿ ನಮ್ಮ ಭಾಷೆಗೆ ಸಾವಿರ ವರ್ಷದ ಪಳಗಿಕೆಯಿದೆ, ಅದನ್ನು ಬಿಡಬೇಡಿ. ‘ಲೇ’ಯನ್ನು ಮಾತ್ರ ಸಾಲು ತುಂಬಿಸಲು ಬಳಸಬೇಡಿ. ಸಾಲುಸಾಲಿಗೂ ಬಂದರೆ ಸಿನಿಮಾದ ಹಾಸ್ಯಪಾತ್ರದ ಉತ್ತರ ಕರ್ನಾಟಕದಂತೆ ಕೇಳುತ್ತದೆ.

ಪ್ರಶ್ನೆ: ಶಿಶುನಾಳ ಶರೀಫರ ತತ್ವಪದ ಹುಕ್ ಮಾಡಬೇಕಂತ ಐತಿ. ಯಾರ ಪರವಾನಗಿ ಬೇಕು?
– ಶಿಗ್ಗಾಂವಿಯ ಓದುಗ

ಉತ್ತರ: ಪದಕ್ಕೆ ಯಾರದೂ ಬೇಡ. ನಮ್ಮ ಕಾನೂನಿನಲ್ಲಿ ಸಾಹಿತ್ಯದ ಹಕ್ಕು ಕರ್ತೃ ತೀರಿಕೊಂಡು 60 ವರ್ಷದವರೆಗೆ, ಶರೀಫರು ತೀರಿದ್ದು 1889ರಲ್ಲಿ. ಎಡವುವುದು ಧಾಟಿಯಲ್ಲಿ. ಜಾನಪದ ಎಂದು ಎಲ್ಲರೂ ಹಾಡುವ ಎಷ್ಟೋ ಧಾಟಿಗಳು ಇತ್ತೀಚಿನ ಸಂಗೀತಗಾರರು ಕೂರಿಸಿದವು. ಶರೀಫರ ಪದಗಳಿಗೆ ರಾಗ ಹಾಕಿದ ಸಿ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ, ಅವರ ಸಂಯೋಜನೆಯ ಮೇಲಿನ ಹಕ್ಕು ಇನ್ನೂ ಜೀವಂತ. ಕ್ಯಾಸೆಟ್, ಸಿ.ಡಿ., ಆಕಾಶವಾಣಿ ಯಾವುದರಿಂದಲೇ ಆಗಲಿ, ರೆಕಾರ್ಡಿಂಗ್ ಕತ್ತರಿಸಿ ತಂದರೆ ಅದಕ್ಕೆ ಬೇರೆಯೇ ಹಕ್ಕಿದೆ, ಪ್ರಕಟವಾದ ಮೇಲೆ 60 ವರ್ಷ.

ಊರಿನ ಭಜನಾ ಮೇಳದವರಿಂದ ಅವರ ರೂಢಿಯ ಧಾಟಿಯಲ್ಲೇ ಹೊಸದಾಗಿ ಹಾಡಿಸಿ. ಎಷ್ಟು ಹಣ, ಎಲ್ಲೆಲ್ಲಿ ಬಳಕೆ, ಮುಂದೆ ಬರುವ ಆದಾಯದಲ್ಲಿ ಪಾಲು ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ರೆಕಾರ್ಡಿಂಗ್‌ಗೆ ಮೊದಲೇ ಎಲ್ಲರ ಸಹಿ ತೆಗೆದುಕೊಳ್ಳಿ. ಹಾಡು ಅಪ್‌ಲೋಡ್ ಮಾಡುವಾಗ ಸಾಹಿತ್ಯದ ಜಾಗದಲ್ಲಿ ಶರೀಫರ ಹೆಸರೂ ನಿಮ್ಮ ಹೆಸರೂ, ಗಾಯಕರ ಜಾಗದಲ್ಲಿ ಮೇಳದ ಹೆಸರೂ ಇರಲಿ. ‘ಸಾಂಪ್ರದಾಯಿಕ’ ಎಂದಷ್ಟೇ ಬರೆದು ಹಾಡಿದವರನ್ನು ಬಿಟ್ಟುಬಿಡಬೇಡಿ.