ಅದು ಅಂಗಳವಲ್ಲ, ಕಣ

ಬೆಂಗಳೂರಿನ ಓದುಗರೊಬ್ಬರ ಪತ್ರ: ಜನವರಿಯಲ್ಲಿ ಎರಡು ದಿನದ ಮಟ್ಟಿಗೆ ಮೂಡಿಗೆರೆ ಕಡೆಯ ಹೋಂಸ್ಟೇಗೆ ಹೋಗಿದ್ದೆವು. ಅಂಗಳದಲ್ಲಿ ಮರಳಿನ ಬಣ್ಣದ ಕಾಳು ಹರಡಿತ್ತು. ಮಕ್ಕಳು ಅಲ್ಲಿ ಓಡಾಡಿದ್ದಕ್ಕೆ ಕೆಲಸದ ಹೆಂಗಸೊಬ್ಬರು ಎಲ್ಲರೆದುರು ಗದರಿಸಿದರು. ದುಡ್ಡು ಕೊಟ್ಟು ಹೋದವರಿಗೆ ಮಲೆನಾಡಿನ ಸತ್ಕಾರ ಇದೇನಾ? ಮುಂದಿನ ಸಲ ಎಲ್ಲಿಗೆ ಹೋಗಲಿ?

ಸಂಪಾದಕರ ಉತ್ತರ: ಮಕ್ಕಳನ್ನು ಬೇರೆಯವರು ಗದರಿದರೆ ಕರುಳು ಚುರ್ರೆನ್ನುತ್ತದೆ, ನನಗೂ ಗೊತ್ತು. ಆದರೆ ‘ಮರಳಿನ ಬಣ್ಣದ ಕಾಳು ಹರಡಿತ್ತು’ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಅದು ಅಂಗಳವಲ್ಲ, ಕಾಫಿ ಒಣಗಿಸುವ ಕಣ. ಆ ಮನೆಯ ಇಡೀ ವರ್ಷದ ದುಡಿಮೆ ಅಲ್ಲಿ ಒಣಗುತ್ತಿತ್ತು.

ಮಾರ್ಚ್-ಏಪ್ರಿಲ್‌ನ ಹೂಮಳೆಗೆ, ಅಂದರೆ ಗಿಡದಲ್ಲಿ ಹೂ ಬಿಡಿಸುವ ಮಳೆಗೆ, ಅರಳಿದ ಅರೇಬಿಕಾ ಕಾಫಿ ಹಣ್ಣಾಗಲು 8-9 ತಿಂಗಳು ಬೇಕು. ಕುಯ್ದ ಹಣ್ಣನ್ನು ಅಂದೇ ಹೊರಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ಗೆ ಹಾಕಬೇಕು, ತೊಟ್ಟಿಯಲ್ಲಿ ಹುಳಿಯಲು ಬಿಟ್ಟು ಲೋಳೆ ತೊಳೆಯಬೇಕು. ಆಮೇಲೆ ಕಣ. ತೇವ ನೂರಕ್ಕೆ ಹತ್ತರ ಹತ್ತಿರ ಇಳಿಯುವವರೆಗೆ ದಿನವಿಡೀ ಕಾಳನ್ನು ಕೆದಕಿ ತಿರುವುತ್ತಿರಬೇಕು, ಸಂಜೆ ಇಬ್ಬನಿಗೆ ಮೊದಲು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ಕಾಫಿಗೆ ವಾಸನೆ ಬಹಳ ಬೇಗ ಹಿಡಿಯುತ್ತದೆ. ಕೊಟ್ಟಿಗೆ ಹೊಕ್ಕು ಬಂದ ಬೂಟು ಅದರ ಮೇಲೆ ಓಡಾಡಬಾರದು. ಸಿಪ್ಪೆ ಒಡೆದ ಕಾಳಿಗೆ ದರವೂ ಇಳಿಯುತ್ತದೆ. ಗದರಿದವರು ಬೆಳಗಿನಿಂದ ಆ ಬಿಸಿಲಲ್ಲಿ ನಿಂತಿದ್ದವರೇ ಇರಬೇಕು.

ನಮ್ಮದು ಸಕಲೇಶಪುರದ ಕಡೆ ಚಿಕ್ಕ ತೋಟ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಸ್ನೇಹಿತರೊಬ್ಬರು ಮೈಸೂರಿನಿಂದ ಸಂಸಾರ ಸಮೇತ ಬಂದಿದ್ದರು. ಮಧ್ಯಾಹ್ನ ಅಮ್ಮ ಕಡುಬು, ಕೋಳಿಸಾರು ಬಡಿಸುತ್ತಿದ್ದಾಗ ಅಕಾಲದಲ್ಲಿ ಗುಡುಗಿತು. ಅಪ್ಪ ಎಂಜಲು ಕೈಯಲ್ಲೇ ಕಣಕ್ಕೆ ಓಡಿದರು. ಹಿಂದೆಯೇ ಆ ಮಾವನೂ ಓಡಿ, ಪಂಚೆ ಎತ್ತಿ ಕಟ್ಟಿ, ಟಾರ್ಪಾಲಿನ ತುದಿ ಗಾಳಿಗೆ ಹಾರದಂತೆ ಅದರ ಮೇಲೆ ಕೂತೇಬಿಟ್ಟರು. ಮಳೆ ನಿಲ್ಲುವವರೆಗೂ ಏಳಲಿಲ್ಲ. ತೊಯ್ದು ತೊಪ್ಪೆಯಾದವರಿಗೆ ಅಮ್ಮ ಅಪ್ಪನ ಪಂಚೆ ಕೊಟ್ಟು, ಸಾರು ಮತ್ತೆ ಬಿಸಿ ಮಾಡಿ ಬಡಿಸಿದಳು. ಸತ್ಕಾರ ಎಂದರೆ ನನಗೆ ಇವತ್ತಿಗೂ ನೆನಪಾಗುವುದು ಆ ಊಟವೇ.

ಒಂದು ವಿಷಯದಲ್ಲಿ ನಾನು ನಿಮ್ಮ ಕಡೆ. ನೀವು ಕಾರಿಳಿದ ಕೂಡಲೇ ಮಾಲೀಕರು ಕಣ ತೋರಿಸಿ ಹೇಳಬೇಕಿತ್ತು. ಅದು ಬಾಡಿಗೆ ದುಡ್ಡು ಪಡೆದವರ ಹೊಣೆ, ಕೆಲಸದಾಕೆಯದಲ್ಲ.

ಮುಂದಿನ ಸಲ? ಭಾನುವಾರ ಮುಳ್ಳಯ್ಯನಗಿರಿ ದಾರಿಯ ಕಾರಿನ ಸಾಲಿನಲ್ಲಿ ಹೊತ್ತು ಕಳೆಯಬೇಡಿ. 1,930 ಮೀಟರಿನ ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ವಾರದ ನಡುವೆ ಹತ್ತಬಹುದು. ಅದೇ ಮನೆಗೆ ಫೋನ್ ಮಾಡಿ, ಹೂಮಳೆ ಬಂತೇ ಎಂದು ಕೇಳಿ. ಮಳೆಯಾಗಿ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಘಮ. ಎರಡು-ಮೂರು ದಿನದ ವೈಭವ ಅದು. ಹೂವಿದ್ದಾಗ ಗಿಡದ ಸಾಲಿನೊಳಗೆ ನಾವೂ ಇಳಿಯುವುದಿಲ್ಲ. ದಾರಿಯಲ್ಲೇ ನಿಂತು ನೋಡಿ.

ನಿಮ್ಮ ಮಗಳು ಜೇಬಿನಲ್ಲಿ ನಾಲ್ಕು ಕಾಳು ತಂದಿದ್ದಾಳಂತೆ, ಕುಂಡದಲ್ಲಿ ಹಾಕಿದರೆ ಹುಟ್ಟುತ್ತದೆಯೇ ಎಂದು ಕೇಳಿದ್ದಾಳೆ. ಬಿಸಿಲಿಗೆ ಒಣಗಿದ್ದು ಹುಟ್ಟುವುದು ಕಷ್ಟ ಕಂದ. ಬೀಜಕ್ಕೆಂದು ಇಟ್ಟದ್ದನ್ನು ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಆರಿಸುತ್ತಾರೆ. ಮತ್ತೆ ಹೋದಾಗ ಅಂಥ ಕಾಳು ಕೇಳಿ ತೆಗೆದುಕೋ. ನೆಟ್ಟು ಸುಮಾರು ಒಂದೂವರೆ ತಿಂಗಳಿಗೆ ಸಸಿ ಆ ಕಾಳನ್ನೇ ತಲೆ ಮೇಲೆ ಹೊತ್ತು ಮಣ್ಣಿನಿಂದ ಮೇಲೇಳುತ್ತದೆ. ನರ್ಸರಿಯವರು ಆ ಹಂತಕ್ಕೆ ‘ಟೋಪಿ’ ಎಂದೇ ಹೆಸರಿಟ್ಟಿದ್ದಾರೆ.